ಬೀಗ ಬದಲಿಸಿ ಮನೆಯವರನ್ನೇ ಬೈಯೋದಾ?

ಮೊನ್ನೆ ಆಫೀಸಿನಲ್ಲಿ ಕಾಫಿ ಹೊತ್ತಿಗೆ ಶುರುವಾದ ಜಗಳ ಇದು. "ಅವರು ಪ್ರೋಗ್ರಾಂ ಬರೆದಿರೋದೇ ತಪ್ಪು. ನಮ್ಮ ಕರ್ನೆಲ್ ಬದಲಾದ್ರೆ ಅವರೇ ಸರಿ ಮಾಡ್ಕೊಳ್ಲಿ" ಅಂದ ಗೆಳೆಯ. ನನಗೆ ಉರಿದುಹೋಯ್ತು. ಯಾಕಂದ್ರೆ ಮೂರು ವರ್ಷದ ಹಿಂದೆ ಇದೇ ಮಾತು ಆಡಿದ್ದು ನಾನೇ!

ಆಗ ಒಂದು ಡ್ರೈವರ್ ಕೊಡ್ತಿದ್ದ ತಪ್ಪು ಎರರ್ ಕೋಡನ್ನು ನಾನು 'ಸರಿ' ಮಾಡಿದ್ದೆ. ಗ್ರಾಹಕರೊಬ್ಬರ ಹಳೇ ಪ್ರೋಗ್ರಾಂ ಆ ತಪ್ಪು ಕೋಡನ್ನೇ ನಂಬಿಕೊಂಡಿತ್ತು. ಅಪ್‌ಗ್ರೇಡ್ ಆದ ಮರುದಿನ ನಿಂತೇ ಹೋಯ್ತು. ಅದನ್ನು ಬರೆದವರು ಕೆಲಸ ಬಿಟ್ಟು ಹೋಗಿದ್ದರು, ಸೋರ್ಸ್ ಕೋಡ್ ಯಾರ ಹತ್ತಿರವೂ ಇರಲಿಲ್ಲ. ನಾನು ಮಾತ್ರ ಮ್ಯಾನುಯಲ್ ತೋರಿಸಿ ವಾದ ಮಾಡ್ತಾ ಕೂತಿದ್ದೆ. ಎಂಥಾ ಸೊಕ್ಕು ನೋಡಿ..

2012ರ ಡಿಸೆಂಬರ್‌ನಲ್ಲಿ ಲಿನಕ್ಸ್‌ನಲ್ಲೂ ಹೀಗೇ ಆಯ್ತು. ಮೀಡಿಯಾ ಡ್ರೈವರ್ ಭಾಗದಲ್ಲಿ ಒಂದು ಎರರ್ ಕೋಡ್ ಬದಲಾಗಿ ಪಲ್ಸ್‌ಆಡಿಯೋದಂಥ ಪ್ರೋಗ್ರಾಂಗಳು ಕೈಕೊಟ್ಟವು. ತಪ್ಪು ಪ್ರೋಗ್ರಾಂನದ್ದು ಅನ್ನೋ ಧಾಟಿಯಲ್ಲಿ ಮಾತಾಡಿದ ಡೆವಲಪರ್‌ಗೆ ಲಿನಸ್ ಟೊರ್ವಾಲ್ಡ್ಸ್ ಮುಖಮೂತಿ ನೋಡದೆ ಬೈದರು. ಬದಲಾವಣೆಯಿಂದ ಬಳಕೆದಾರರ ಪ್ರೋಗ್ರಾಂ ಮುರಿದರೆ ಅದು ಕರ್ನೆಲ್‌ನ ದೋಷವೇ ಅನ್ನೋದು ಅವರ ನಿಯಮ. ತಮ್ಮ ಒರಟುತನಕ್ಕೆ ಅವರು 2018ರಲ್ಲಿ ಕ್ಷಮೆ ಕೇಳಿದರು. ನಿಯಮಕ್ಕೆ ಮಾತ್ರ ಕೇಳಲಿಲ್ಲ. ಕೇಳಬೇಕಾಗೂ ಇಲ್ಲ!

"ಹಾಗಾದ್ರೆ ಹಳೇ ಕಸ ಹೊತ್ಕೊಂಡೇ ಇರಬೇಕಾ?" ಅಂತೀರಾ? ಕರ್ನೆಲ್ ಒಳಗಿನ ಇಂಟರ್‌ಫೇಸ್‌ಗಳನ್ನು ಲಿನಕ್ಸ್‌ನವರು ಬೇಕಾದಾಗ ಬದಲಿಸ್ತಾರೆ. ಅಡುಗೆಮನೆ ಹೇಗಾದ್ರೂ ಜೋಡಿಸ್ಕೊಳ್ಳಿ, ಹೆಬ್ಬಾಗಿಲ ಬೀಗ ಬದಲಿಸಬೇಡಿ ಅಷ್ಟೇ. ಹೊಸದು ಬೇಕಾದ್ರೆ ಪಕ್ಕದಲ್ಲಿ ಇನ್ನೊಂದು ಬಾಗಿಲಿಡಿ. ಫೈಲ್ ಡಿಸ್ಕ್ರಿಪ್ಟರ್ ನಕಲು ಮಾಡುವ ಡಪ್2 ಕರೆಯಲ್ಲಿ ಫ್ಲ್ಯಾಗ್ ಕೊಡೋಕೆ ಜಾಗ ಇರಲಿಲ್ಲ. 2008ರಲ್ಲಿ ಡಪ್3 ಸೇರಿಸಿದರು. ಡಪ್2 ಬಳಸೋ ಪ್ರೋಗ್ರಾಂಗಳು ಇವತ್ತಿಗೂ ಓಡ್ತಿವೆ.

ನಾವು ಕನ್ನಡ ಬ್ಲಾಗಿಗರಿಗೆ ಇದು ಬೇಗ ಅರ್ಥ ಆಗಬೇಕು. ನಮ್ಮ ಹಳಗನ್ನಡದ 'ೞ' ಅಕ್ಷರಕ್ಕೆ ಯುನಿಕೋಡ್‌ನಲ್ಲಿ 'ಕನ್ನಡ ಲೆಟರ್ ಫಾ' ಅನ್ನೋ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರು ಬದಲಿಸೋ ಹಾಗಿಲ್ಲ ಅನ್ನೋದು ಯುನಿಕೋಡ್ ನೀತಿ. ಹಾಗಾಗಿ ಸರಿಯಾದ ಹೆಸರನ್ನು ಪರ್ಯಾಯವಾಗಿ ಸೇರಿಸಿ, ತಪ್ಪನ್ನು ಹಾಗೇ ಉಳಿಸಿಕೊಂಡಿದ್ದಾರೆ. ನೋಡೋಕೆ ಮುಜುಗರ, ಆದ್ರೆ ಯಾರ ಕಡತವೂ ಕೆಡಲಿಲ್ಲ. ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದು ಚಿತ್ರಲಿಪಿಯಾಗಿ ಕಂಡು ತಲೆ ಚಚ್ಚಿಕೊಂಡವರು ನಮ್ಮಲ್ಲಿ ಕಮ್ಮಿಯೇ?

ಮುಂದಿನ ವಾರ ಗೆಳೆಯನ ಪ್ಯಾಚ್ ರಿವ್ಯೂಗೆ ಬರುತ್ತೆ. ನಾನಂತೂ ಒಪ್ಪಿಗೆ ಕೊಡಲ್ಲ. ನೀವೇನಂತೀರಿ?