ಲಾಭಕ್ಕೆ ಅದ್ವೈತ, ಹೊಣೆಗೆ ದ್ವೈತ

ವಠಾರದಲ್ಲಿ ಬಾಳಿದವರಿಗೆ ನ್ಯಾಯಶಾಸ್ತ್ರದ ಮೊದಲ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಹಡಿಯ ಮನೆಯವರು ಚೆಲ್ಲಿದ ಮುಸುರೆ ನೀರು ಕೆಳಗೆ ಒಣಹಾಕಿದ ಸಂಡಿಗೆಯ ಮೇಲೆ ಬಿದ್ದರೆ ತಪ್ಪು ಯಾರದು, ನಷ್ಟವನ್ನು ಕಟ್ಟಿಕೊಡಬೇಕಾದವರು ಯಾರು ಎಂಬುದನ್ನು ತೀರ್ಮಾನಿಸಲು ವಕೀಲರು ಬೇಕಿಲ್ಲ. ನಲ್ಲಿಯ ಬಳಿ ನೆರೆದ ನಾಲ್ವರು ಗೃಹಿಣಿಯರೇ ಸಾಕು. ‘ಮಾಡಿದ್ದುಣ್ಣೋ ಮಹರಾಯ’ ಎಂಬ ಎಂಟಕ್ಷರದ ಕಾನೂನಿನಿಂದಲೇ ಅಲ್ಲಿ ಎಷ್ಟೋ ಖಟ್ಲೆಗಳು ಇತ್ಯರ್ಥವಾಗಿವೆ.

ಆದರೆ ಚೆಲ್ಲಿದ ಕೈ ಒಂದು, ಚೆಲ್ಲೆಂದ ಬಾಯಿ ಮತ್ತೊಂದು, ಆ ಬಾಯಿ ಇರುವುದು ಸಮುದ್ರದಾಚೆಯ ಇನ್ನೊಂದು ದೇಶದಲ್ಲಿ ಎಂದಾದರೆ? ಚೆಲ್ಲಿದ್ದು ಮುಸುರೆಯಲ್ಲ, ಗಣಿಯ ವಿಷಜಲ. ಕೆಟ್ಟದ್ದು ಸಂಡಿಗೆಯಲ್ಲ, ಊರು ಕುಡಿಯುವ ಹೊಳೆ ಎಂದಾದರೆ? ಆಗ ಅದೇ ಸರಳವಾದ ಪ್ರಶ್ನೆ ನ್ಯಾಯಾಲಯದಿಂದ ನ್ಯಾಯಾಲಯಕ್ಕೆ ಅಲೆಯುತ್ತದೆ. ಕೇಳಿದವರ ಕೂದಲು ನರೆತು, ಕೆಲವರು ಕಣ್ಣು ಮುಚ್ಚಿದ ಮೇಲೂ ಉತ್ತರ ಬಂದಿರುವುದಿಲ್ಲ. ಒಂದು ದೇಶದಲ್ಲಿ ಮನೆಯಿಟ್ಟು ಹತ್ತು ದೇಶಗಳಲ್ಲಿ ವ್ಯವಹಾರ ನಡೆಸುವ ದೊಡ್ಡ ಕಂಪನಿಗಳು ಪರದೇಶದ ನೆಲಜಲಗಳನ್ನು ಕೆಡಿಸಿದಾಗ ಅವುಗಳನ್ನು ಎಲ್ಲಿ, ಹೇಗೆ ಕೇಳಬೇಕು? ಈ ವಾರ ಇದನ್ನಷ್ಟು ವಿಚಾರಿಸೋಣ.

ತೊಡಕಿನ ಮೂಲವಿರುವುದು ‘ಕಂಪನಿ’ ಎಂಬ ವಿಚಿತ್ರ ವ್ಯಕ್ತಿಯಲ್ಲಿ. ಅದಕ್ಕೆ ದೇಹವಿಲ್ಲ, ಹೆಸರುಂಟು, ಹಸಿವಿಲ್ಲ, ಆಸ್ತಿಯುಂಟು. ಕಾನೂನಿನ ಕಣ್ಣಿಗೆ ಅದು ನಮ್ಮ ನಿಮ್ಮಂತೆ ಒಬ್ಬ ವ್ಯಕ್ತಿ. ಈ ತತ್ವವನ್ನು ಗಟ್ಟಿಮಾಡಿದ ಕೀರ್ತಿ ಲಂಡನ್ನಿನ ಬೂಟು ವ್ಯಾಪಾರಿ ಆರನ್ ಸಾಲೊಮನ್ ಎಂಬಾತನ ಮೊಕದ್ದಮೆಗೆ ಸಲ್ಲುತ್ತದೆ. ಆತ 1892ರಲ್ಲಿ ತನ್ನ ವ್ಯಾಪಾರವನ್ನು ಒಂದು ಲಿಮಿಟೆಡ್ ಕಂಪನಿಗೆ ವಹಿಸಿಕೊಟ್ಟ. ಷೇರುದಾರರೆಂದರೆ ಆತ, ಆತನ ಹೆಂಡತಿ ಮತ್ತು ಐವರು ಮಕ್ಕಳು. ವ್ಯಾಪಾರ ಮುಳುಗಿದಾಗ ಸಾಲ ಕೊಟ್ಟವರ ಪರವಾಗಿ ಸಾಲೊಮನ್ನನನ್ನೇ ಹಿಡಿಯುವ ಯತ್ನ ನಡೆಯಿತು. 1896ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್, ಕಂಪನಿಯೇ ಬೇರೆ, ಸಾಲೊಮನ್ನನೇ ಬೇರೆ ಎಂದು ತೀರ್ಪಿತ್ತಿತು.

ಈ ತತ್ವದಲ್ಲಿ ಒಳ್ಳೆಯದಿಲ್ಲವೆಂದಲ್ಲ. ಪಿಂಚಣಿಯ ಹಣದಲ್ಲಿ ನಾಲ್ಕು ಷೇರು ಕೊಂಡ ಮುದುಕರ ಮನೆಯನ್ನು ಕಂಪನಿಯ ಸಾಲಕ್ಕಾಗಿ ಹರಾಜು ಹಾಕುವಂತಿಲ್ಲ. ಆ ಧೈರ್ಯದಿಂದಲೇ ಸಣ್ಣವರ ಉಳಿತಾಯ ದೊಡ್ಡ ಉದ್ಯಮಗಳಿಗೆ ಹರಿದುಬಂದಿತು. ಆದರೆ ಷೇರು ಕೊಳ್ಳುವವರು ಮನುಷ್ಯರೇ ಆಗಿರಬೇಕೆಂಬ ನಿಯಮವಿಲ್ಲ. ಕಂಪನಿ ಕಂಪನಿಯನ್ನು ಹಡೆಯಿತು. ತಾಯಿಯನ್ನು ಮಾತೃಸಂಸ್ಥೆಯೆಂದೂ, ಮಗಳನ್ನು ಅಂಗಸಂಸ್ಥೆಯೆಂದೂ ಕರೆದರು. ಈ ತಾಯಿಮಗಳ ಬಾಂಧವ್ಯ ಬಲು ವಿಲಕ್ಷಣವಾದುದು. ಮಗಳ ಗಳಿಕೆ ತಾಯಿಯ ಲೆಕ್ಕಪತ್ರದಲ್ಲಿ ತಪ್ಪದೆ ಕಾಣಿಸಿಕೊಳ್ಳುತ್ತದೆ. ಮಗಳ ಮೇಲೆ ದೂರು ಬಂದ ದಿನ ಮಾತ್ರ ತಾಯಿ, “ಆಕೆ ಪ್ರಾಪ್ತವಯಸ್ಕಳು, ನಮಗೂ ಆಕೆಗೂ ಸಂಬಂಧವಿಲ್ಲ” ಎಂದುಬಿಡುತ್ತಾಳೆ. ಆಚಾರ್ಯತ್ರಯರು ಮನ್ನಿಸುವುದಾದರೆ ಹೇಳುತ್ತೇನೆ: ಲಾಭ ಹಂಚಿಕೊಳ್ಳುವಾಗ ಅದ್ವೈತ, ಹೊಣೆ ಹೊರುವಾಗ ದ್ವೈತ.

ಇದರ ಕಹಿಯನ್ನು ನಮ್ಮ ದೇಶ ಉಂಡಷ್ಟು ಇನ್ನಾರೂ ಉಂಡಿರಲಾರರು. 1984ರ ಡಿಸೆಂಬರ್ 2ರ ನಡುರಾತ್ರಿ ಭೋಪಾಲದ ಕಾರ್ಖಾನೆಯಿಂದ ವಿಷಾನಿಲ ಹೊರಬಿದ್ದು ಸಾವಿರಾರು ಜನ ಸತ್ತರು. ಕಾರ್ಖಾನೆ ನಡೆಸುತ್ತಿದ್ದುದು ಇಲ್ಲಿ ನೋಂದಣಿಯಾದ ಕಂಪನಿ. ಅದರಲ್ಲಿ ಅಮೆರಿಕದ ಯೂನಿಯನ್ ಕಾರ್ಬೈಡ್ ಸಂಸ್ಥೆಯ ಪಾಲು ನೂರಕ್ಕೆ 50.9. ಭಾರತ ಸರ್ಕಾರ 1985ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯಕ್ಕೆ ಹೋಗಿ, ಇಂಥ ಸಂಸ್ಥೆ ಎಷ್ಟು ದೇಶಗಳಲ್ಲಿ ಎಷ್ಟು ಹೆಸರು ಹೊತ್ತಿದ್ದರೂ ಒಂದೇ ಎಂದು ವಾದಿಸಿತು. ಆಗ ನಡೆದ ವಿನೋದವನ್ನು ನೋಡಿ: ಇಂಥ ದೊಡ್ಡ ಮೊಕದ್ದಮೆ ನಮ್ಮ ನ್ಯಾಯಾಲಯಗಳಿಂದಾಗದು ಎಂದು ನಮ್ಮ ಸರ್ಕಾರವೇ ಹೇಳಿಕೊಂಡಿತು, ಇಲ್ಲ, ಭಾರತದ ನ್ಯಾಯಾಲಯಗಳು ಸರ್ವಸಮರ್ಥವಾದುವು ಎಂದು ಅಮೆರಿಕದ ಕಂಪನಿ ಕೊಂಡಾಡಿತು! ನ್ಯಾಯಾಧೀಶ ಕೀನನ್ ಅವರು 1986ರ ಮೇ ತಿಂಗಳಿನಲ್ಲಿ ಕೊಂಡಾಡಿದವರ ಮಾತನ್ನೇ ಒಪ್ಪಿ, ಮೊಕದ್ದಮೆಯನ್ನು ಭಾರತಕ್ಕೆ ಹಿಂದಕ್ಕೆ ಕಳುಹಿಸಿದರು.

ಮುಂದಿನ ಕಥೆ ಎಲ್ಲರಿಗೂ ತಿಳಿದದ್ದು. 1989ರಲ್ಲಿ 47 ಕೋಟಿ ಡಾಲರಿಗೆ ರಾಜಿಯಾಯಿತು. ಮಾತೃಸಂಸ್ಥೆಯ ಅಧ್ಯಕ್ಷರಾಗಿದ್ದ ವಾರನ್ ಆಂಡರ್ಸನ್ ಭೋಪಾಲದ ಕಟಕಟೆಯಲ್ಲಿ ನಿಲ್ಲದೆಯೇ 2014ರಲ್ಲಿ ತೀರಿಕೊಂಡರು. ಹೆಚ್ಚಿನ ಪರಿಹಾರಕ್ಕಾಗಿ ಸರ್ಕಾರ ಸಲ್ಲಿಸಿದ್ದ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯ 2023ರ ಮಾರ್ಚಿನಲ್ಲಿ ತಳ್ಳಿಹಾಕಿತು. ಕಾರ್ಖಾನೆಯ ಅಂಗಳದಲ್ಲಿ ಉಳಿದಿದ್ದ 337 ಟನ್ನು ವಿಷದ ಕಸವನ್ನು ಲಾರಿಗಳಲ್ಲಿ ಹೇರಿ ಪೀಥಂಪುರಕ್ಕೆ ಸಾಗಿಸಿದ್ದು 2025ರ ಜನವರಿಯಲ್ಲಿ. ಆ ರಾತ್ರಿ ಹುಟ್ಟಿದ ಕೂಸಿಗೆ ಆಗ ನಲವತ್ತು ತುಂಬಿತ್ತು.

ಇಲ್ಲಿಯವರೆಗೆ ನಾವು ದೂರು ಕೊಡುವವರ ಸಾಲಿನಲ್ಲಿ ನಿಂತಿದ್ದೆವು. ಇನ್ನು ಆಫ್ರಿಕಾ ಖಂಡದ ಜಾಂಬಿಯಾ ದೇಶಕ್ಕೆ ಹೋಗೋಣ. ಅಲ್ಲಿ ನಮ್ಮ ನಿಲುವಿನ ಜಾಗ ಬದಲಾಗುತ್ತದೆ.

ಜಾಂಬಿಯಾದ ಉತ್ತರಕ್ಕೆ ತಾಮ್ರದ ನಾಡಿದೆ. ಅಲ್ಲಿನ ಚಿಂಗೋಲಾ ಪಟ್ಟಣದ ಪಕ್ಕದಲ್ಲಿ ಎಂಚಾಂಗಾ ಎಂಬ ಬೃಹತ್ತಾದ ತೆರೆದ ಗಣಿ. ಗಣಿಯ ಒಡೆತನ ಕೊಂಕೋಲಾ ಕಾಪರ್ ಮೈನ್ಸ್ ಎಂಬ ಕಂಪನಿಯದು. ಅದರ ಬಹುಪಾಲು ಷೇರುಗಳ ಒಡೆತನ 2004ರಿಂದ ವೇದಾಂತ ಸಮೂಹದ್ದು. ಅದರ ಮಾತೃಸಂಸ್ಥೆ ಲಂಡನ್ನಿನಲ್ಲಿ ನೋಂದಾಯಿತವಾದರೂ ಅದನ್ನು ಕಟ್ಟಿದವರು ನಮ್ಮ ಪಾಟ್ನಾದವರಾದ ಅನಿಲ್ ಅಗರ್‌ವಾಲ್. ಗಣಿಯ ಸುತ್ತಣ ಹಳ್ಳಿಗಳ ಬಡ ಬೇಸಾಯಗಾರರಿಗೆ ಕುಡಿಯಲು, ದನಕರುಗಳಿಗೆ, ಹೊಲಗದ್ದೆಗಳಿಗೆ ಹತ್ತಿರದ ಹಳ್ಳ ಹೊಳೆಗಳ ನೀರೇ ಆಧಾರ. 2005ರಿಂದ ಗಣಿಯ ವಿಷ ಆ ನೀರಿಗೆ ಸೇರಿ ಆರೋಗ್ಯವೂ ಬೆಳೆಯೂ ಕೆಟ್ಟವೆಂದು ದೂರಿ 1,826 ಜನ 2015ರಲ್ಲಿ ಲಂಡನ್ನಿನ ನ್ಯಾಯಾಲಯದ ಬಾಗಿಲು ತಟ್ಟಿದರು.

ತಮ್ಮ ದೇಶದ ನ್ಯಾಯಾಲಯವಿರಲು ಅಷ್ಟು ದೂರ ಏಕೆ ಹೋದರು? ಅದಕ್ಕೂ ಹಿನ್ನೆಲೆಯುಂಟು. 2006ರಲ್ಲಿ ಗಣಿಯಿಂದ ಕಫುಯೆ ನದಿಗೆ ವಿಷ ಹರಿದಾಗ ಸುಮಾರು ಎರಡು ಸಾವಿರ ಜನ ಜಾಂಬಿಯಾದಲ್ಲೇ ದಾವೆ ಹೂಡಿದ್ದರು. 2011ರಲ್ಲಿ ಗೆದ್ದರು. ಆದರೆ 2015ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಕಂಪನಿಯ ತಪ್ಪನ್ನು ಎತ್ತಿಹಿಡಿದೂ, ವೈದ್ಯಕೀಯ ಸಾಕ್ಷ್ಯವಿದ್ದ ಹನ್ನೆರಡು ಮಂದಿಗೆ ಮಾತ್ರ ಪರಿಹಾರ ಸಲ್ಲಬೇಕೆಂದಿತು. ಎರಡು ಸಾವಿರದಲ್ಲಿ ಹನ್ನೆರಡು! ವೈದ್ಯರನ್ನು ಕರೆತಂದು, ನೀರನ್ನು ಪರೀಕ್ಷಿಸಿ, ಒಬ್ಬೊಬ್ಬರ ಕಾಯಿಲೆಯನ್ನೂ ರುಜುವಾತು ಮಾಡಿಕೊಡಲು ಹಣವೂ ಪಳಗಿದ ವಕೀಲರೂ ಬೇಕು. ಬಡವನ ಬಳಿ ಅವೆರಡೂ ಇಲ್ಲದಿದ್ದರೆ ಸತ್ಯ ಆತನ ಪಾಲಿಗಿದ್ದೂ ಇಲ್ಲದಂತೆ.

ಲಂಡನ್ನಿನಲ್ಲಿ ಕಂಪನಿಯ ವಾದ ನಿರೀಕ್ಷಿತವೇ ಆಗಿತ್ತು: ಗಣಿ ಅಂಗಸಂಸ್ಥೆಯದು, ನಾವು ಬರಿಯ ಷೇರುದಾರರು, ವಿಚಾರಣೆ ಜಾಂಬಿಯಾದಲ್ಲಿ ನಡೆಯಲಿ. ವೇದಾಂತವೆಂಬ ಹೆಸರಿನ ಸಂಸ್ಥೆ ಪರಕೀಯರ ನ್ಯಾಯಾಲಯದಲ್ಲಿ ನಿಂತು ಭೇದವನ್ನು ಪ್ರತಿಪಾದಿಸಿದ್ದನ್ನು ಕೇಳಿದರೆ ಉಡುಪಿಯಲ್ಲೂ ಮುಗುಳ್ನಗೆ ಮೂಡೀತು. ಆದರೆ ಮಧ್ವಾಚಾರ್ಯರ ದ್ವೈತವಾದರೂ ಜೀವನು ಪರತಂತ್ರನೆಂದು, ಸ್ವತಂತ್ರನಾದವನೊಬ್ಬನು ಅವನನ್ನು ನಿಯಮಿಸುತ್ತಾನೆಂದು ಒಪ್ಪುತ್ತದೆ. ವಕೀಲರ ದ್ವೈತದಲ್ಲಿ ಆ ನಿಯಾಮಕನೇ ನಾಪತ್ತೆ.

2019ರ ಏಪ್ರಿಲ್ 10ರಂದು ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ ಆ ನಿಯಾಮಕನನ್ನು ಹುಡುಕಿ ತೆಗೆಯಿತು. ಲಾರ್ಡ್ ಬ್ರಿಗ್ಸ್ ಅವರು ಬರೆದ ಆ ತೀರ್ಪು ಸಾಲೊಮನ್ನನ ತತ್ವವನ್ನು ಮುರಿಯಲಿಲ್ಲ ಎಂಬುದನ್ನು ಗಮನಿಸಬೇಕು. ಷೇರು ಹೊಂದಿದ ಮಾತ್ರಕ್ಕೆ ತಾಯಿ ಹೊಣೆಯಲ್ಲ. ಆದರೆ ಮಗಳ ಕಾರ್ಯದಲ್ಲಿ ತಾನೇ ಕೈಯಿಟ್ಟು, ಮೇಲ್ವಿಚಾರಣೆ ವಹಿಸಿಕೊಂಡು, ನಿಯಮಗಳನ್ನು ವಿಧಿಸಿ ನಡೆಸಿದ್ದರೆ ನೆರೆಯವರ ವಿಷಯದಲ್ಲಿ ಎಚ್ಚರ ವಹಿಸುವ ಕರ್ತವ್ಯ ತಾಯಿಗೂ ಬರುತ್ತದೆ. ಹಾಗೆ ನಡೆಸಿದ್ದಿರಬಹುದು ಎಂಬುದಕ್ಕೆ ಆಧಾರ ಸಿಕ್ಕಿದ್ದೆಲ್ಲಿ ಬಲ್ಲಿರಾ? ಸಮೂಹದ ಎಲ್ಲ ಗಣಿಗಳಲ್ಲಿಯೂ ಪರಿಸರರಕ್ಷಣೆಯ ಹೊಣೆಯನ್ನು ತಾವು ಹೊತ್ತಿರುವುದಾಗಿ ಮಾತೃಸಂಸ್ಥೆಯೇ ಪ್ರಕಟಿಸಿಕೊಂಡಿದ್ದ ವರದಿಗಳಲ್ಲಿ! ಷೇರುದಾರರನ್ನು ಮೆಚ್ಚಿಸಲೆಂದು ಬರೆದ ಮಾತು ಹಳ್ಳಿಗರ ಸಾಕ್ಷಿಯಾಯಿತು. ಜಾಂಬಿಯಾದ ನ್ಯಾಯಾಧೀಶರ ಪ್ರಾಮಾಣಿಕತೆಯ ಮಾತಲ್ಲ ಇದು. ಅಲ್ಲಿ ಇಷ್ಟು ಜನ ಕಡುಬಡವರಿಗೆ ದಾವೆ ನಡೆಸುವ ಹಣವಾಗಲಿ, ಅದಕ್ಕೆ ತಕ್ಕ ವಕೀಲರ ಬಲವಾಗಲಿ ಒದಗುವ ಸಂಭವವಿಲ್ಲ. ಆದ್ದರಿಂದ ಲಂಡನ್ನಿನಲ್ಲಿಯೇ ವಿಚಾರಣೆ ನಡೆಯಬಹುದು ಎಂದು ನ್ಯಾಯಾಲಯ ತೀರ್ಮಾನಿಸಿತು.

ಇಷ್ಟಾಗಿ ಇದು ಬಾಗಿಲು ತೆರೆದ ತೀರ್ಪು, ಊಟ ಬಡಿಸಿದ ತೀರ್ಪಲ್ಲ. ಯಾವ ಹೊಳೆ ಎಷ್ಟು ಕೆಟ್ಟಿತ್ತು, ಯಾರಿಂದ ಕೆಟ್ಟಿತ್ತು ಎಂಬ ವಿಚಾರಣೆ ನಡೆಯಲೇ ಇಲ್ಲ. 2021ರ ಜನವರಿಯಲ್ಲಿ, ತಪ್ಪನ್ನು ಒಪ್ಪಿಕೊಳ್ಳದೆಯೇ, ಕಂಪನಿಗಳು ಹಳ್ಳಿಗರೊಡನೆ ರಾಜಿ ಮಾಡಿಕೊಂಡವು. ಬಾಗಿಲು ತೆರೆಸುವುದಕ್ಕೇ ನಾಲ್ಕು ವರ್ಷ ಹಿಡಿದಿತ್ತು.

ಆದರೂ ತೆರೆದ ಬಾಗಿಲಿನಿಂದ ಇತರರೂ ಒಳಬಂದರು. ನೈಜೀರಿಯಾದ ಎರಡು ಸಮುದಾಯಗಳ ಜನ ಷೆಲ್ ತೈಲಸಂಸ್ಥೆಯ ಮೇಲೆ ಹೂಡಿದ ದಾವೆಯನ್ನು ಅದೇ ನ್ಯಾಯಾಲಯ 2021ರ ಫೆಬ್ರವರಿಯಲ್ಲಿ ಅದೇ ತತ್ವದ ಮೇಲೆ ಮುಂದುವರಿಯಗೊಟ್ಟಿತು. ಬ್ರೆಜಿಲ್ ದೇಶದಲ್ಲಿ 2015ರ ನವೆಂಬರ್ 5ರಂದು ಗಣಿಯ ಕೆಸರಿನ ಕಟ್ಟೆ ಒಡೆದು 19 ಜನ ಸತ್ತು, ದೋಸೆ ನದಿ ಸಮುದ್ರದವರೆಗೆ ಕೆಂಪುಕೆಸರಾಗಿ ಹರಿಯಿತು, ಅದಕ್ಕೆ ಬಿ.ಎಚ್.ಪಿ. ಎಂಬ ಗಣಿಸಂಸ್ಥೆ ಹೊಣೆಯೆಂದು ಲಂಡನ್ನಿನ ಹೈಕೋರ್ಟು 2025ರ ನವೆಂಬರಿನಲ್ಲಿ ತೀರ್ಪಿತ್ತಿತು. ಹಾಲೆಂಡಿನ ಹೇಗ್ ನಗರದ ಮೇಲ್ಮನವಿ ನ್ಯಾಯಾಲಯವೂ ನೈಜೀರಿಯಾದ ರೈತರ ಪರವಾಗಿ 2021ರಲ್ಲಿ ತೀರ್ಪು ಕೊಟ್ಟಿತು; ಅವರು ದಾವೆ ಹೂಡಿದ್ದುದು 2008ರಲ್ಲಿ. ಫ್ರಾನ್ಸ್ ದೇಶವಂತೂ ತನ್ನ ದೊಡ್ಡ ಕಂಪನಿಗಳು ಹೊರದೇಶದ ಅಂಗಸಂಸ್ಥೆಗಳ ಮೇಲೂ ಕಣ್ಣಿಡಬೇಕೆಂದು 2017ರಲ್ಲಿ ಕಾನೂನನ್ನೇ ಮಾಡಿತು.

ಇದಕ್ಕೆ ಎರಡು ಆಕ್ಷೇಪಗಳುಂಟು, ಎರಡೂ ತಳ್ಳಿಹಾಕುವಂಥವಲ್ಲ. ಒಮ್ಮೆ ನಮ್ಮನ್ನಾಳಿದ ಲಂಡನ್ನು ಮತ್ತೆ ನಮ್ಮ ವ್ಯಾಜ್ಯಗಳನ್ನು ತೀರಿಸಬೇಕೇ ಎಂಬುದು ಮೊದಲನೆಯದು. ಆದರೆ ಲಂಡನ್ನು ವಿಚಾರಿಸುತ್ತಿರುವುದು ತನ್ನ ಊರಿನಲ್ಲಿ ನೋಂದಣಿ ಮಾಡಿಸಿಕೊಂಡ ಕಂಪನಿಯನ್ನು. ನೆರೆಮನೆಯ ಹುಡುಗ ಕಿಟಕಿ ಒಡೆದರೆ ಅವನ ಮನೆಯ ಹಿರಿಯರಿಗೆ ದೂರು ಹೇಳುವುದರಲ್ಲಿ ನಮ್ಮ ಮಾನಕ್ಕೇನೂ ಕುಂದಿಲ್ಲ. ಮೇಲ್ವಿಚಾರಣೆ ಮಾಡಿದ್ದಕ್ಕೇ ಹೊಣೆ ಬರುವುದಾದರೆ ಮಾತೃಸಂಸ್ಥೆಗಳು ಮೇಲ್ವಿಚಾರಣೆಯನ್ನೇ ಬಿಟ್ಟುಬಿಟ್ಟಾವು ಎಂಬುದು ಎರಡನೆಯ ಆಕ್ಷೇಪ. ಇದು ನಿಜವಾದ ಅಪಾಯ. ಫ್ರಾನ್ಸಿನಂತೆ ಮೇಲ್ವಿಚಾರಣೆಯನ್ನೇ ಕಡ್ಡಾಯ ಮಾಡುವ ಕಾನೂನು ಬೇಕಾಗುವುದು ಈ ಕಾರಣಕ್ಕೇ. ಕಣ್ಣು ಮುಚ್ಚಿಕೊಂಡವನಿಗೆ ಕಣ್ಣಿಟ್ಟವನಿಗಿಂತ ಹೆಚ್ಚಿನ ರಕ್ಷಣೆ ಸಿಗಬಾರದು.

ನಮ್ಮ ದೇಶದ ಉದ್ಯಮಿಗಳು ಇಂದು ಆಫ್ರಿಕಾದಲ್ಲಿ, ಆಸ್ಟ್ರೇಲಿಯಾದಲ್ಲಿ ಗಣಿ ತೋಡುತ್ತಿದ್ದಾರೆ. ನಮ್ಮ ಮಧ್ಯಮವರ್ಗದ ಮನೆಗಳ ಉಳಿತಾಯವೂ ಮ್ಯೂಚುಯಲ್ ಫಂಡಿನ ಕಾಲುವೆಯಲ್ಲಿ ಹರಿದು ಇಂಥ ಉದ್ಯಮಗಳನ್ನು ಸೇರುತ್ತಿದೆ. ಡಿವಿಡೆಂಡು ಬಂದಾಗ ಕಂಪನಿ ನಮ್ಮದೆನ್ನುವ ನಾವು, ಹೊಳೆ ಕೆಟ್ಟ ಸುದ್ದಿ ಬಂದಾಗ ಅದು ಯಾರದೋ ಎಂದು ಪುಟ ಮಗುಚಿದರೆ, ಮೇಲೆ ಹೇಳಿದ ವಕೀಲರ ದ್ವೈತಕ್ಕೆ ನಾವೂ ಶಿಷ್ಯರಾದಂತೆಯೇ. 1985ರಲ್ಲಿ ನ್ಯೂಯಾರ್ಕಿಗೆ ಹೋಗಿ ನಾವು ಯಾವ ನ್ಯಾಯವನ್ನು ಬೇಡಿದೆವೋ, ಚಿಂಗೋಲಾದ ಬೇಸಾಯಗಾರರು ಲಂಡನ್ನಿಗೆ ಹೋಗಿ ಬೇಡಿದ್ದು ಅದನ್ನೇ. ನಮಗೆ ಸಿಗದೆಹೋದದ್ದು ಅವರಿಗೆ ಅಷ್ಟಿಷ್ಟಾದರೂ ಸಿಕ್ಕಿತೆಂದು, ಕಂಪನಿ ನಮ್ಮವರದಾದರೂ, ಭೋಪಾಲವನ್ನು ಮರೆಯದವರು ಸಂತೋಷಪಡಬೇಕು.