ಸಿಡಿದ ತಂತಿಯ ಪುಡಿ

ಅರಿಶಿನದ ಕೊಂಬನ್ನು ಒರಳಿನಲ್ಲಿ ಕುಟ್ಟಿದರೆ ಪುಡಿಯಾಗುತ್ತದೆ. ತಾಮ್ರದ ತುಂಡನ್ನು ಎಷ್ಟು ಬಡಿದರೂ ತಗಡಾಗುವುದೇ ಹೊರತು ಪುಡಿಯಾಗುವುದಿಲ್ಲ. ಅರದಿಂದ ಉಜ್ಜಿ ತೆಗೆದ ಪುಡಿಯೂ ಇಂದಿನ ವಿಜ್ಞಾನದ ಕೆಲವು ಕಾರ್ಯಗಳಿಗೆ ಬಲು ಒರಟು. ಅವಕ್ಕೆ ಬೇಕಾದದ್ದು ನ್ಯಾನೋಪುಡಿ. ಎಂದರೆ, ನೂರು ನ್ಯಾನೋಮೀಟರಿಗಿಂತ ಚಿಕ್ಕದಾದ ಕಣಗಳ ಪುಡಿ. ಮೀಟರಿನ ನೂರು ಕೋಟಿಯಲ್ಲೊಂದು ಪಾಲೇ ಒಂದು ನ್ಯಾನೋಮೀಟರು.

ಇಂಥ ಪುಡಿಯನ್ನು ಪಡೆಯಲು ರಾಸಾಯನಿಕ ಮಾರ್ಗವೊಂದು ಬಹಳವಾಗಿ ಬಳಕೆಯಲ್ಲಿದೆ. ಲೋಹದ ಲವಣವನ್ನು ಕರಗಿಸಿ, ಅದಕ್ಕೆ ಅಪಕರ್ಷಣಕಾರಿಯನ್ನು ಬೆರೆಸಿದರೆ ಲೋಹದ ಕಣಗಳು ಮೂಡುತ್ತವೆ. ಅವುಗಳ ಅಳತೆಯನ್ನು ಚೆನ್ನಾಗಿ ಹತೋಟಿಯಲ್ಲಿಡಬಹುದೆಂಬುದು ನಿಜ. ಆದರೆ ಉಳಿದ ಲವಣ, ಕಣಗಳಿಗೆ ಅಂಟಿದ ಲೇಪ, ತೊಳೆದು ಚೆಲ್ಲಿದ ನೀರು ಇವುಗಳ ಲೆಕ್ಕವನ್ನು ಯಾರು ಇಡಬೇಕು? ಈ ಪ್ರಶ್ನೆಯನ್ನು ಕೇಳಿದಾಗಲೇ ದ್ರವದೊಳಗೆ ತಂತಿ ಸಿಡಿಸುವ ವಿಧಾನದ ಬೆಲೆ ತಿಳಿಯುವುದು.

ವಿದ್ಯುತ್ತು ಮಿತಿಮೀರಿ ಹರಿದಾಗ ಮನೆಯ ಫ್ಯೂಸು ತಂತಿ ಕರಗಿ ತುಂಡಾಗುವುದನ್ನು ಎಲ್ಲರೂ ಬಲ್ಲರು. ಇಲ್ಲಿ ನಡೆಯುವುದು ಅದರ ಉಗ್ರರೂಪ. ಧಾರಕಗಳಲ್ಲಿ ಸಾವಿರಾರು ವೋಲ್ಟುಗಳವರೆಗೆ ವಿದ್ಯುದಾವೇಶವನ್ನು ಕೂಡಿಟ್ಟು, ನೀರಿನಲ್ಲೋ ಆಲ್ಕೋಹಾಲಿನಲ್ಲೋ ಮುಳುಗಿರುವ ತೆಳು ತಂತಿಯ ಮೂಲಕ ಒಮ್ಮೆಗೇ ಹರಿಯಬಿಡುತ್ತಾರೆ. ಸೆಕೆಂಡಿನ ಕೆಲವೇ ಲಕ್ಷಾಂಶಗಳಲ್ಲಿ, ಹಲವೊಮ್ಮೆ ಅದಕ್ಕೂ ಮೊದಲೇ, ಎಲ್ಲವೂ ಮುಗಿದಿರುತ್ತದೆ. ಕರಗಿದ ಲೋಹಕ್ಕೆ ತೊಟ್ಟಿಕ್ಕಲು ಕೂಡ ವೇಳೆಯಿಲ್ಲ. ತಂತಿ ಸಿಡಿದು ಆವಿಯಾಗುತ್ತದೆ. ಸುತ್ತಲಿನ ದ್ರವ ಆ ಆವಿಯನ್ನು ಥಟ್ಟನೆ ತಣಿಸುವುದರಿಂದ, ಪರಮಾಣುಗಳು ಗುಂಪುಗೂಡಿ ಕಣವಾದರೂ ದೊಡ್ಡದಾಗಿ ಬೆಳೆಯಲಾರವು. ಗಾಳಿಯಲ್ಲಾದರೆ ಇಷ್ಟು ನುಣುಪಾದ ಲೋಹದ ಪುಡಿ ಹಾರಿ ಉಸಿರಿಗೆ ಸೇರಬಹುದು, ಹೊತ್ತಿಕೊಳ್ಳಲೂಬಹುದು. ದ್ರವ ಅದನ್ನು ಹಿಡಿದಿಡುತ್ತದೆ. ಆದರೂ ಇದು ಶಾಲೆಯ ಮೇಜಿನ ಮೇಲಿನ ಪ್ರಯೋಗವಲ್ಲ. ಹೊರಗಿನ ವಿದ್ಯುತ್ತನ್ನು ಕಡಿದ ಮೇಲೂ ಧಾರಕದಲ್ಲಿ ಪ್ರಾಣ ತೆಗೆಯುವಷ್ಟು ಆವೇಶ ಉಳಿದಿರಬಹುದು.

ತಂತಿ ಸಿಡಿಸುವ ವಿದ್ಯೆ ಹೊಸದೇನೂ ಅಲ್ಲ. ಬೆಳಕಿನೊಡನೆ ಚಿನ್ನದ ವರ್ತನೆಯನ್ನು ಅರಿಯಲು ಹೊರಟ ಮೈಕೇಲ್ ಫ್ಯಾರಡೆ, ೧೮೫೭ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಲೇಡನ್ ಜಾಡಿಗಳ ವಿದ್ಯುತ್ತಿನಿಂದ ಚಿನ್ನದ ತಂತಿಯನ್ನು ಸಿಡಿಸಿ ಅದರ ಸೂಕ್ಷ್ಮ ಕಣಗಳನ್ನು ಪರೀಕ್ಷಿಸಿದ್ದನು. ಜರ್ಮನಿಯ ಗೆಯಾರ್ಗ್ ಬ್ರೆಡಿಗ್ ೧೮೯೮ರಲ್ಲಿ ನೀರಿನೊಳಗೆ ಲೋಹದ ತಂತಿಗಳ ನಡುವೆ ವಿದ್ಯುತ್ ಚಾಪವನ್ನು ಹೊತ್ತಿಸಿ ಲೋಹದ ಕಲಿಲಗಳನ್ನು ಪಡೆದನು. ಅದು ಸಿಡಿತವಲ್ಲವಾದರೂ ಇದರ ಹತ್ತಿರದ ಬಂಧು. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಸಂಶೋಧಕರು ತಂತಿ ಸಿಡಿಸಿಯೇ ತಾಮ್ರ, ಬೆಳ್ಳಿ, ಕಬ್ಬಿಣ, ಅಲ್ಯೂಮಿನಿಯಂಗಳ ನ್ಯಾನೋಕಣಗಳನ್ನು ಪಡೆದ ಬಗೆಯನ್ನು ೨೦೦೩ರಲ್ಲಿ ಪ್ರಕಟಿಸಿದರು.

ಈ ವಿಧಾನದಲ್ಲಿ ಕಣಗಳೆಲ್ಲ ಒಂದೇ ಗಾತ್ರದಲ್ಲಿ ಬರುವುದಿಲ್ಲವೆಂಬುದು ಮುಖ್ಯ ಆಕ್ಷೇಪ. ಅದನ್ನು ಅಲ್ಲಗಳೆಯಲಾಗದು. ಅಲ್ಯೂಮಿನಿಯಮನ್ನು ನೀರಿನಲ್ಲಿ ಸಿಡಿಸಿದರೆ ಅದು ನೀರಿನೊಡನೆ ವರ್ತಿಸಿ ಹೈಡ್ರೊಜನ್ ಹೊರಡಿಸುತ್ತದೆ. ಪುಡಿ ಶುದ್ಧ ಲೋಹವಾಗಿ ಉಳಿಯುವುದಿಲ್ಲ. ವಿದ್ಯುತ್ತು ಎಲ್ಲಿಂದ ಬಂತೆಂದೂ ಕೇಳಬೇಕಾಗುತ್ತದೆ. ಕಣಗಳ ಗಾತ್ರ ಕರಾರುವಾಕ್ಕಾಗಿರಲೇಬೇಕಾದ ಕಡೆ ರಾಸಾಯನಿಕ ಮಾರ್ಗವೇ ಇರಲಿ. ಅಷ್ಟು ನಿಖರತೆ ಬೇಡವಾದೆಡೆಯೂ ರೂಢಿಯ ಬಲದಿಂದ ಅದನ್ನೇ ಹಿಡಿಯುವುದು ಸರಿಯಲ್ಲ. ಶುದ್ಧ ನೀರಿನಲ್ಲಿ ಬೆಳ್ಳಿಯ ತಂತಿಯನ್ನು ಸಿಡಿಸಿದಾಗ ಪಾತ್ರೆಗೆ ಬೆರೆಸಿದ ಲವಣವೂ ಇಲ್ಲ, ಅಪಕರ್ಷಣಕಾರಿಯೂ ಇಲ್ಲ. ಕಣಗಳನ್ನು ಬೇರ್ಪಡಿಸಿದ ಮೇಲೆ ಅದೇ ನೀರಿನಲ್ಲಿ ಮತ್ತೊಂದು ತಂತಿಯನ್ನು ಮುಳುಗಿಸಬಹುದು.