ನಾನೂರು ಊರು ಸುತ್ತಿದರೂ ಪಳಗದ ಕಿವಿ

ಅಮೀರ್‌ಪೇಟೆಯ ಮೈತ್ರಿವನಂ ಸುತ್ತಮುತ್ತ ಓಡಾಡಿದವರಿಗೆ ಗೊತ್ತು, ಅಲ್ಲಿ ಆಕಾಶ ನೋಡಬೇಕಾದ್ರೆ ಬೋರ್ಡುಗಳ ಸಂದಿಯಲ್ಲಿ ಇಣುಕಬೇಕು. ಜಾವಾ ಕಲಿಸೋ ಬೋರ್ಡು, ಟೆಸ್ಟಿಂಗ್ ಕಲಿಸೋ ಬೋರ್ಡು, ಅದರ ಪಕ್ಕದಲ್ಲೇ ವಿದೇಶಕ್ಕೆ ಕಳಿಸೋ ಬೋರ್ಡು. ಆ ಮೂರನೇ ಬೋರ್ಡಿನ ಕೆಳಗಿರೋ ಮೆಟ್ಟಿಲು ಹತ್ತಿ ನೋಡಿ. ಇಪ್ಪತ್ತು ಮೂವತ್ತು ಹುಡುಗ ಹುಡುಗಿಯರು ಹೆಡ್‌ಫೋನ್ ಹಾಕ್ಕೊಂಡು, ಪೆನ್ಸಿಲ್ ಹಿಡ್ಕೊಂಡು, ಉಸಿರು ಬಿಗಿಹಿಡಿದು ಕೂತಿರ್ತಾರೆ. ಕಿವಿಯಲ್ಲಿ ಒಬ್ಬ ಹೆಂಗಸು ಸಕ್ಕರೆಯಂಥ ದನಿಯಲ್ಲಿ ಯಾವುದೋ ದ್ವೀಪದ ವರ್ಣನೆ ಮಾಡ್ತಿರ್ತಾಳೆ. ದೋಣಿ ಎಷ್ಟು ಗಂಟೆಗೆ, ವಸ್ತುಸಂಗ್ರಹಾಲಯದ ಟಿಕೆಟ್ ಎಷ್ಟು, ಬೆಟ್ಟದ ದಾರಿ ಎಡಕ್ಕೋ ಬಲಕ್ಕೋ... ಹೀಗೆ. ಇದಕ್ಕೆ ಇಲ್ಲಿ "ಲಿಸನಿಂಗ್ ಪ್ರಾಕ್ಟೀಸ್" ಅಂತ ಹೆಸರು.

ನನ್ನ ತಕರಾರು ಆ ಹೆಂಗಸಿನ ಮೇಲಲ್ಲ, ಆ ದ್ವೀಪದ ಮೇಲೂ ಅಲ್ಲ. ಇಂಥ ಪ್ರವಾಸದ ರೆಕಾರ್ಡಿಂಗುಗಳನ್ನ ದಿನಕ್ಕೆ ಹತ್ತು, ತಿಂಗಳಿಗೆ ಮುನ್ನೂರು ಅಂತ ಕಿವಿಗೆ ಸುರಿದುಬಿಟ್ಟರೆ ಇಂಗ್ಲಿಷ್ ತಾನಾಗೇ ಅರ್ಥವಾಗುತ್ತೆ ಅಂತ ಹೇಳ್ತಾರಲ್ಲ, ಆ ಮಾತಿನ ಮೇಲೆ. ಅದು ಸುಳ್ಳು ಸ್ವಾಮಿ. ಆ ಸುಳ್ಳನ್ನ ನಂಬಿದ ಮಕ್ಕಳು ಕೊನೆಗೆ "ನಾನೇ ದಡ್ಡ" ಅನ್ನೋ ತೀರ್ಮಾನಕ್ಕೆ ಬರ್ತಾರೆ. ನನಗೆ ಸಿಟ್ಟು ಬರೋದು ಅಲ್ಲಿ.

ಮೊದಲು ನ್ಯಾಯವಾಗಿ ಹೇಳಬೇಕಾದ್ದು ಹೇಳಿಬಿಡ್ತೀನಿ. 1989ರಿಂದ ನಡೀತಿರೋ ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಕೇಳಿಸಿಕೊಳ್ಳೋ ಭಾಗಕ್ಕೆ ನಾಲ್ಕು ತುಂಡು, 40 ಪ್ರಶ್ನೆ, ಸುಮಾರು 30 ನಿಮಿಷದ ಧ್ವನಿ. ಒಂದೇ ಸಲ ಕೇಳಿಸ್ತಾರೆ, "ಇನ್ನೊಂದ್ಸಲ ಹೇಳಿ" ಅನ್ನೋ ಹಾಗಿಲ್ಲ. ಮೊದಲೆರಡು ತುಂಡು ದಿನಬಳಕೆಯ ವಿಷಯ, ಕೊನೆಯ ಎರಡು ಓದಿಗೆ ಸಂಬಂಧಪಟ್ಟದ್ದು. ಎರಡನೇ ತುಂಡಿನಲ್ಲಿ ಒಬ್ಬರೇ ಮಾತಾಡೋದು, ಊರಿನ ಸೌಲಭ್ಯವೋ ನೋಡಬೇಕಾದ ಜಾಗವೋ ಅಲ್ಲಿ ಸಾಮಾನ್ಯವಾಗಿ ಬರುತ್ತೆ. ಹಾಗಾಗಿ ಪ್ರವಾಸದ ಧ್ವನಿ ಕೇಳಿಸೋದು ಪೂರ್ತಿ ಹುಚ್ಚಾಟ ಅಲ್ಲ. ಹೊತ್ತು, ಬೆಲೆ, ದಿಕ್ಕು, ತಾರೀಕು ಎಲ್ಲಾ ಒಂದೇ ಕಡೆ ಸಿಗುತ್ತೆ, ಕೇಳೋರಿಗೂ ಬೇಜಾರಾಗಲ್ಲ. ಒಪ್ಪಿದೆ.

ಆದ್ರೆ ಈ ಅಂಗಡಿಗಳಲ್ಲಿ ಕಲಿಸೋದೇನು? ಪ್ರಶ್ನೆಯನ್ನ ಮೊದಲೇ ಓದಿ ಗೆರೆ ಎಳೀರಿ. "ಬಟ್", "ಹೌಎವರ್" ಬಂದ ತಕ್ಷಣ ಕಿವಿ ಚುರುಕು ಮಾಡಿ, ಉತ್ತರ ಅಲ್ಲೇ ಇರುತ್ತೆ. ಎರಡು ಬೆಲೆ ಹೇಳಿದ್ರೆ ಮೊದಲನೆಯದು ಮೋಸ, ಎರಡನೆಯದು ಸರಿ. ಗೊತ್ತಾಗದಿದ್ರೆ ಖಾಲಿ ಬಿಡಬೇಡಿ, ಏನೋ ಒಂದು ಬರೀರಿ. ಇವೆಲ್ಲ ಪರೀಕ್ಷೆಯ ಉಪಾಯಗಳು, ಬೇಕು ಬಿಡಿ. ಆದ್ರೆ ಇದು ಕೇಳೋದನ್ನ ಕಲಿಸೋದಲ್ಲ, ಕೇಳದೇ ಉತ್ತರ ಬರೆಯೋದನ್ನ ಕಲಿಸೋದು! ಆಮೇಲೆ ಉತ್ತರದ ಪಟ್ಟಿ ಓದ್ತಾರೆ. "ಹನ್ನೊಂದನೇದು ಬಿ, ಹನ್ನೆರಡನೇದು ಎ. ಎಷ್ಟು ತಪ್ಪಾಯ್ತು? ಹದಿನೇಳಾ? ನಾಳೆ ಇನ್ನೂ ನಾಲ್ಕು ಆಡಿಯೋ ಜಾಸ್ತಿ ಕೇಳು." ತಪ್ಪಾದ ಹದಿನೇಳು ಯಾಕೆ ತಪ್ಪಾಯ್ತು ಅಂತ ಒಬ್ಬರೂ ಕೇಳಲ್ಲ. ಜ್ವರ ಅಂತ ಹೋದೋನಿಗೆ ಥರ್ಮಾಮೀಟರನ್ನೇ ದಿನಕ್ಕೆ ಹತ್ತು ಸಲ ಇಟ್ಟ ಹಾಗೆ. ಅಳೆಯೋದು ಬೇರೆ, ಔಷಧಿ ಬೇರೆ, ಅಲ್ವಾ?

ನಮ್ಮ ಬೀದಿಯಲ್ಲೇ ರೂಮು ಮಾಡಿಕೊಂಡಿದ್ದ ಸಿಂಧನೂರು ಕಡೆಯ ಹುಡುಗ ಒಬ್ಬ. ಎಂಜಿನಿಯರಿಂಗ್ ಮುಗಿಸಿದಾನೆ, ಓದಿ ಅರ್ಥಮಾಡಿಕೊಳ್ಳೋ ಭಾಗದಲ್ಲಿ 7 ತೆಗೆದಿದಾನೆ, ಕೇಳೋದರಲ್ಲಿ ಎರಡು ಸಲವೂ 5.5. ಅವನು ಹೋಗಬೇಕೆಂದಿದ್ದ ಕಾಲೇಜು 6.5 ಕೇಳಿತ್ತು. ಒಂದು ಸಲ ಪರೀಕ್ಷೆ ಬರೆಯೋಕೆ ಹದಿನೈದು ಸಾವಿರ ರೂಪಾಯಿಗೂ ಮೇಲೆ ಆಗುತ್ತೆ ಈಗ. ಎರಡು ಸಲ ಅಂದ್ರೆ ಊರಲ್ಲಿ ಅಪ್ಪನ ಭತ್ತದ ದುಡ್ಡು ಎಷ್ಟು ಚೀಲ ಕರಗಿತು, ನೀವೇ ಲೆಕ್ಕ ಹಾಕಿ. "ನಾನೂರು ಆಡಿಯೋ ಮುಗಿಸೀನ್ರಿ ಕಾಕಾ, ಜಗತ್ತಿನ್ಯಾಗ ನಾ ಕೇಳದ ಬೀಚ್ ಉಳಿದಿಲ್ಲ. ಕಿವೀನೇ ಸರಿ ಇಲ್ಲೇನೋ ನಂದು" ಅಂದ. ಮೂರನೇ ಸಲ ದುಡ್ಡು ಕೇಳೋಕೆ ಮನೆಗೆ ಫೋನ್ ಮಾಡೋ ಧೈರ್ಯ ಅವನಿಗಿರಲಿಲ್ಲ.

ಒಂದು ಪ್ರವಾಸದ ರೆಕಾರ್ಡಿಂಗನ್ನೇ ತೆಗೆದುಕೊಂಡು, ಅರ್ಧ ನಿಮಿಷ ಮಾತ್ರ ಕೇಳಿಸಿ, ಕೇಳಿಸಿದ್ದನ್ನೆಲ್ಲ ಬರಿ ಅಂದೆ. ದೋಣಿ ಯಾವ ನಿಲ್ದಾಣದಲ್ಲಾದರೂ ಇಳೀಬಹುದು ಅನ್ನೋ ಒಂದು ಸಾಲಿತ್ತು. ಪುಸ್ತಕದಲ್ಲಿ ಅದು "ಯು ಕ್ಯಾನ್ ಗೆಟ್ ಆಫ್ ಅಟ್ ಎನಿ ಆಫ್ ದ ಸ್ಟಾಪ್ಸ್". ಕಿವಿಗೆ ಬಿದ್ದದ್ದು "ಯುಕನ್‌ಗೆಟಾಫಟೆನಿಯವ್ದಸ್ಟಾಪ್ಸ್". ಅವನು ಬರೆದದ್ದು "ಯು" ಮತ್ತು "ಸ್ಟಾಪ್ಸ್", ನಡುವೆ ಬರೀ ಚುಕ್ಕಿ. ಅಚ್ಚಾದ ಸಾಲು ತೋರಿಸಿದೆ. "ಅಯ್ಯ, ಇಷ್ಟ ಏನ್ರಿ!" ಅಂದ. ಅದರಲ್ಲಿ ಅವನಿಗೆ ಗೊತ್ತಿಲ್ಲದ ಪದ ಒಂದೂ ಇರಲಿಲ್ಲ.

ರೋಗ ಇರೋದು ಇಲ್ಲಿ. ಕನ್ನಡದಲ್ಲಿ, ತೆಲುಗಿನಲ್ಲಿ, ನಾವು ಬರೆದ ಅಕ್ಷರಕ್ಕೆಲ್ಲ ಹೆಚ್ಚುಕಡಿಮೆ ಸಮನಾದ ಪಾಲು ಕೊಡ್ತೀವಿ. ಇಂಗ್ಲಿಷಿನವರು ಹಾಗಲ್ಲ. ಒಂದು ವಾಕ್ಯದಲ್ಲಿ ಮುಖ್ಯವಾದ ಎರಡು ಮೂರು ಪದದ ಮೇಲೆ ಒತ್ತು ಹಾಕ್ತಾರೆ, "ಆಫ್, ಟು, ಅಂಡ್, ಕ್ಯಾನ್, ಹ್ಯಾಸ್" ಅನ್ನೋ ಸಣ್ಣಪುಟ್ಟವನ್ನೆಲ್ಲ ಅರ್ಧ ನುಂಗಿ ಪಕ್ಕದ ಪದಕ್ಕೆ ಅಂಟಿಸಿಬಿಡ್ತಾರೆ. ನಾವು ಇಂಗ್ಲಿಷ್ ಕಲಿತದ್ದು ಕಣ್ಣಿನಿಂದ. ಪುಟದ ಮೇಲೆ ಪದ ಪದದ ನಡುವೆ ಜಾಗ ಇರುತ್ತೆ. ಬಾಯಿಂದ ಬರುವಾಗ ಆ ಜಾಗ ಇರಲ್ಲ. ಫಿಫ್ಟೀನ್, ಫಿಫ್ಟಿ ಎರಡರ ವ್ಯತ್ಯಾಸ ಅವರಿಗೆ ಬಹುಪಾಲು ಒತ್ತಿನಲ್ಲಿದೆ, ನಾವು ಕೊನೆಯ ಅಕ್ಷರಕ್ಕೆ ಕಾಯ್ತಾ ಕೂತಿರ್ತೀವಿ. ಇನ್ನೂ ಕೆಟ್ಟದ್ದು ಅಮೆರಿಕದವರ "ಕ್ಯಾನ್" ಮತ್ತು "ಕ್ಯಾಂಟ್". ಆಗುತ್ತೆ ಅನ್ನೋದನ್ನ "ಕನ್" ಅಂತ ಕುಗ್ಗಿಸಿ ಹೇಳ್ತಾರೆ, ಆಗಲ್ಲ ಅನ್ನೋದನ್ನ ಕೊನೆಯ ಟಕಾರ ನುಂಗಿ "ಕ್ಯಾನ್" ಅಂತ ಗಟ್ಟಿಯಾಗಿ ಹೇಳ್ತಾರೆ. ನಮ್ಮ ಕಿವಿಗೆ ಅವರ "ಆಗಲ್ಲ"ವೇ "ಆಗುತ್ತೆ" ಆಗಿ ಕೇಳಿಸುತ್ತೆ! ಇಲ್ಲಿ ಈಜಬಾರದು ಅಂದ್ರೆ ನಾವು ಬಟ್ಟೆ ಬಿಚ್ಚಿ ಇಳಿಯೋಕೆ ತಯಾರು. ಈ ಒಂದು ಗುಟ್ಟನ್ನ ಬಿಡಿಸಿ ಹೇಳದೇ ನಾನೂರು ಕಡಲತೀರ ಕೇಳಿಸಿದರೆ, ಅದೇ ತಪ್ಪನ್ನ ನಾನೂರು ಸಲ ಮಾಡಿಸಿದ ಹಾಗಾಯ್ತು ಅಷ್ಟೆ.

ಇದು ಇಂಗ್ಲಿಷಿನ ಜಂಬ ಅಂತ ತಿಳೀಬೇಡಿ. ನಮ್ಮ ಕನ್ನಡದಲ್ಲೇ ನೋಡಿ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಏನಾದ್ರೂ ಕಾರ್ಯಕ್ರಮ ಇದ್ದಾಗ ಬೀದರಿನವರು, ರಾಯಚೂರಿನವರು, ಮಂಗಳೂರಿನವರು, ಹಾಸನದ ನಮ್ಮಂಥವರು ಒಟ್ಟಿಗೆ ಸೇರ್ತೀವಿ. ಬೀದರಿನ ಅಜ್ಜ ಓಘದಲ್ಲಿ ಮಾತಿಗೆ ಶುರುಮಾಡಿದ್ರೆ ಹಳೇ ಮೈಸೂರಿನ ಹೊಸಬರು ಸುಮ್ಮನೆ ತಲೆಯಾಡಿಸ್ತಾರೆ. "ಏನ್ ಮಾಡಾಕತ್ತೀರಿ" ಅನ್ನೋದು "ಏನ್ಮಾಡ್ತಿದೀರ" ಅಂತ ಒಮ್ಮೆ ಹೊಳೆದರೆ ಸಾಕು, ಮುಂದೆ ಆ ರೂಪ ಎಲ್ಲಿ ಬಂದ್ರೂ ಕಿವಿ ಹಿಡಿಯುತ್ತೆ. ನಾನು ಈ ಊರಿಗೆ 1996ರಲ್ಲಿ ಬಂದಾಗ "ನಕ್ಕೋ", "ಹೌ", "ಕೈಕು" ಕಲಿಯೋಕೆ ಯಾವ ಹೆಡ್‌ಫೋನೂ ಇರಲಿಲ್ಲ. ಕಿರಾಣಿ ಅಂಗಡಿಯವನಿಗೆ "ಏನಂದ್ರಿ?" ಅಂತ ಎರಡನೇ ಸಲ ಕೇಳ್ತಿದ್ದೆ, ಅವನು ಹೇಳ್ತಿದ್ದ. ಹೈದರಾಬಾದಿಯ "ಪರ್ಸೋಂ" ಅಂದ್ರೆ ಮೊನ್ನೆ ಮಾತ್ರ ಅಲ್ಲ, ಹೋದ ತಿಂಗಳೂ ಆಗಬಹುದು ಅನ್ನೋದನ್ನ ಯಾವ ನಿಘಂಟೂ ನನಗೆ ಹೇಳಲಿಲ್ಲ, ಮನೆ ಮಾಲೀಕರು ಹೇಳಿದ್ರು. ಕಿವಿ ಪಳಗೋದು ಹೀಗೆ. ಕೇಳಿಸದ ಜಾಗದಲ್ಲಿ ನಿಂತು, ಏನಂದ್ರಿ ಅಂತ ಕೇಳಿ, ಮತ್ತೆ ಕೇಳಿಸಿಕೊಂಡು. ಮುಂದಕ್ಕೆ ಓಡಿದರೆ ಅಲ್ಲ.

ಇನ್ನೊಂದು ಮಾತು. ಪ್ರವಾಸ ಅನ್ನೋದು ಎಲ್ಲರಿಗೂ ಗೊತ್ತಿರೋ ವಿಷಯ, ಯಾರಿಗೂ ಅನ್ಯಾಯ ಆಗಲ್ಲ ಅಂತ ಹೇಳ್ತಾರೆ. ಯಾರಿಗೆ ಗೊತ್ತು ಸ್ವಾಮಿ? ಯಾದಗಿರಿಯ, ಮಹಬೂಬ್‌ನಗರದ ಮಕ್ಕಳಿಗೆ ಪ್ರವಾಸ ಅಂದ್ರೆ ಮಂತ್ರಾಲಯ, ಶ್ರೀಶೈಲ, ತಿರುಪತಿ, ಬೇಸಿಗೆಯಲ್ಲಿ ಅಜ್ಜಿ ಊರು. ಬುತ್ತಿ ಕಟ್ಟಿಕೊಂಡು, ಛತ್ರದಲ್ಲಿ ಚಾಪೆ ಹಾಸಿಕೊಂಡು ಹೋಗೋದು. ಕ್ಯಾಂಪ್‌ಸೈಟು, ಫೆರ್ರಿ, ಗೈಡೆಡ್ ವಾಕು ಇವೆಲ್ಲ ಅವರ ಕಣ್ಣಿಗೆ ಬಿದ್ದೇ ಇಲ್ಲ. ಉತ್ತರವೆಲ್ಲ ಆ ಧ್ವನಿಯಲ್ಲೇ ಇರುತ್ತೆ, ನಿಜ. ಆದ್ರೆ ಜಾಗದ ಚಿತ್ರ ಮೊದಲೇ ಮನಸ್ಸಲ್ಲಿದ್ದರೆ ಅರ್ಧ ನುಂಗಿದ ಮಾತನ್ನೂ ತಲೆ ತುಂಬಿಸಿಕೊಳ್ಳುತ್ತೆ. ಚಿತ್ರ ಇಲ್ಲದವನು ದನಿಯನ್ನೂ ಹಿಡೀಬೇಕು, ಜಾಗವನ್ನೂ ಕಟ್ಟಬೇಕು. ಎರಡು ಹೊರೆ.

ಹಾಗಾದ್ರೆ ಗೊತ್ತಿರೋ ಊರಿನಿಂದ ಯಾಕೆ ಶುರುಮಾಡಬಾರದು? ಗೋಲ್ಕೊಂಡಕ್ಕೆ ಹೋಗಿ. ಬಾಗಿಲ ಹತ್ತಿರ ಚಪ್ಪಾಳೆ ತಟ್ಟಿದರೆ ಗುಡ್ಡದ ತುದಿಯಲ್ಲಿ ಕೇಳಿಸುತ್ತೆ ಅನ್ನೋದು ಈ ಊರಿನ ಮಕ್ಕಳಿಗೆಲ್ಲ ಗೊತ್ತು. ಅದನ್ನೇ ಗೈಡು ವಿದೇಶಿಯರಿಗೆ ಇಂಗ್ಲಿಷಿನಲ್ಲಿ ಹೇಳ್ತಿರ್ತಾನೆ, ವಿದೇಶಿಯರು ತಮ್ಮ ತಮ್ಮ ದನಿಯಲ್ಲಿ ಪ್ರಶ್ನೆ ಕೇಳ್ತಿರ್ತಾರೆ. ನಿಂತು ಕೇಳಿ. ಸಾಲಾರ್‌ಜಂಗ್ ಮ್ಯೂಸಿಯಂನಲ್ಲಿ ಗಂಟೆ ಬಾರಿಸೋ ಗೊಂಬೆ ನೋಡೋಕೆ ಗಂಟೆಗಂಟೆಗೂ ಜನ ಸೇರ್ತಾರಲ್ಲ, ಅಲ್ಲೂ ಅಷ್ಟೆ. ಹಂಪಿಯ ಬಗ್ಗೆ, 1591ರ ಚಾರ್‌ಮಿನಾರಿನ ಬಗ್ಗೆ ಹೊರಗಿನವರು ಮಾತಾಡಿದ ವೀಡಿಯೋಗಳು ಬೇಕಾದಷ್ಟಿವೆ. ವಿಷಯ ನಮ್ಮದು, ದನಿ ಅವರದು. ಒಂದೇ ಹೊರೆ.

"ಪರೀಕ್ಷೆಯಲ್ಲಿ ಆಸ್ಟ್ರೇಲಿಯಾ ಬಂದಾಗ ನಿಮ್ಮ ಗೋಲ್ಕೊಂಡ ಏನು ಮಾಡುತ್ತೆ?" ಅಂತ ಕೇಳ್ತೀರಿ. ಈಜು ಕಲಿಯೋನು ಮೊದಲು ಊರ ಬಾವಿಗೆ ಇಳೀತಾನೆ, ಆಮೇಲೆ ಹೊಳೆ. ಒತ್ತು ಎಲ್ಲಿ ಬೀಳುತ್ತೆ, ಯಾವ ಪದ ನುಂಗಿಹೋಗುತ್ತೆ ಅನ್ನೋದು ಗೋಲ್ಕೊಂಡದ ವರ್ಣನೆಯಲ್ಲೂ ಸಿಡ್ನಿಯ ವರ್ಣನೆಯಲ್ಲೂ ಬಹುಪಾಲು ಒಂದೇ. ಅದು ಕೈವಶವಾದ ಮೇಲೆ ಸಿಡ್ನಿಗೆ ಹೋಗಿ, ಎಲ್ಲಿಗೆ ಬೇಕಾದ್ರೂ ಹೋಗಿ, ಯಾರು ಬೇಡ ಅಂದ್ರು.

ಬೇಸರದ ಸಂಗತಿ ಅಂದ್ರೆ ಇದೆಲ್ಲ ಈ ಊರಿಗೆ ಹೊಸ ವಿಷಯವೇ ಅಲ್ಲ. ಇಂಗ್ಲಿಷ್ ಕಲಿಸೋದು ಹೇಗೆ ಅಂತ ಮೇಷ್ಟರುಗಳಿಗೆ ಕಲಿಸೋಕೆ ಸರ್ಕಾರ 1958ರಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯನ್ನ ಕಟ್ಟಿದ್ದು ಇದೇ ಹೈದರಾಬಾದಿನಲ್ಲಿ. ಅದೇ ಮುಂದೆ ಸೀಫೆಲ್ ಆಗಿ, 2007ರಲ್ಲಿ ಇಫ್ಲೂ ವಿಶ್ವವಿದ್ಯಾಲಯ ಆಯ್ತು. ಭಾರತೀಯರ ಇಂಗ್ಲಿಷ್ ಬೇರೆಯವರಿಗೆ ಎಷ್ಟು ಅರ್ಥವಾಗುತ್ತೆ ಅಂತ ಆರ್. ಕೆ. ಬನ್ಸಲ್ ಮಾಡಿದ ಅಧ್ಯಯನವನ್ನ ಆ ಸಂಸ್ಥೆ 1969ರಲ್ಲೇ ಪುಸ್ತಕ ಮಾಡಿತ್ತು. ನಮ್ಮ ಒತ್ತು, ನಮ್ಮ ಲಯ ಅವರಿಗೆ ಎಲ್ಲಿ ತೊಡಕಾಗುತ್ತೆ ಅನ್ನೋ ಚರ್ಚೆ ಐವತ್ತು ವರ್ಷಕ್ಕೂ ಹಿಂದಿನದು. ಅದೇ ಒತ್ತು, ಅದೇ ಲಯ ಅವರಿಂದ ಬಂದಾಗ ನಮಗೂ ತೊಡಕಾಗುತ್ತೆ. ತಾರ್ನಾಕದಲ್ಲಿ ಅಷ್ಟು ಹಿಂದೆ ಗೊತ್ತಿದ್ದ ವಿದ್ಯೆ ಕೆಲವೇ ಕಿಲೋಮೀಟರು ದೂರದ ಅಮೀರ್‌ಪೇಟೆಯ ಮೆಟ್ಟಿಲು ಹತ್ತಲಿಲ್ಲ. ಯಾಕೆ ಅಂದ್ರೆ ಅದಕ್ಕೆ ಮೇಷ್ಟ್ರು ಹುಡುಗನ ಪಕ್ಕ ಕೂರಬೇಕು, ಅವನಿಗೆ ಕೇಳಿಸದ ಪದ ಯಾವುದು ಅಂತ ನೋಡಬೇಕು. ಆಡಿಯೋ ಹಾಕಿ ಆಚೆ ಹೋಗಿ ಚಾ ಕುಡಿಯೋದು ಸುಲಭ.

ದುಡ್ಡಿಲ್ಲದೆ ಮಾಡಬಹುದಾದ್ದು ಇಷ್ಟು. ಅಚ್ಚಾದ ಪಠ್ಯ ಜೊತೆಗಿರೋ ರೆಕಾರ್ಡಿಂಗು ಒಂದೇ ಒಂದು ತಗೊಳ್ಳಿ. ಅರ್ಧ ನಿಮಿಷ ಕೇಳಿ, ನಿಲ್ಲಿಸಿ, ಕೇಳಿಸಿದ್ದನ್ನ ಬರೀರಿ. ಮತ್ತೆ ಕೇಳಿ, ಬಿಟ್ಟದ್ದನ್ನ ತುಂಬಿ. ಮೂರನೇ ಸಲದ ನಂತರ ಪಠ್ಯ ತೆಗೆದು ಹೋಲಿಸಿ, ತಪ್ಪಿದ ಪದಕ್ಕೆ ಕೆಂಪು ಗೆರೆ ಹಾಕಿ. ಗೊತ್ತಿಲ್ಲದ ಪದವಾಗಿದ್ದರಿಂದ ತಪ್ಪಿತೋ, ಗೊತ್ತಿದ್ದೂ ಕೇಳಿಸದೆ ತಪ್ಪಿತೋ, ಬೇರೆ ಬೇರೆ ಪಟ್ಟಿ ಮಾಡಿ. ಎರಡನೇ ಪಟ್ಟಿಯೇ ಉದ್ದ ಇರುತ್ತೆ, ನೋಡ್ತಿರಿ. ಆಮೇಲೆ ಆ ಸಾಲನ್ನ ಅವರು ಹೇಳಿದ ಹಾಗೇ ನುಂಗಿ ನುಂಗಿ ನೀವೂ ಹೇಳಿ. ನಗು ಬರುತ್ತೆ, ಬರಲಿ. ಬಾಯಿಗೆ ಬಂದದ್ದು ಕಿವಿಗೆ ಬೇಗ ಹತ್ತುತ್ತೆ. ಸಿಂಧನೂರಿನ ಹುಡುಗನೂ ಈಗ ದಿನಾ ಮುಕ್ಕಾಲು ಗಂಟೆ ಇದನ್ನೇ ಮಾಡ್ತಿದಾನೆ, ಎರಡು ಚಿಕ್ಕ ತುಣುಕಿಗಿಂತ ಹೆಚ್ಚು ಮುಟ್ಟಲ್ಲ. ಫಲಿತಾಂಶ ಏನಾಗುತ್ತೋ ಪರೀಕ್ಷೆ ಹೇಳಲಿ. "ಕಿವಿ ಸರಿ ಇಲ್ಲ" ಅನ್ನೋ ಮಾತನ್ನಂತೂ ಅವನು ಬಿಟ್ಟಿದಾನೆ, ನನಗೆ ಅದೇ ದೊಡ್ಡದು.

ತಂದೆತಾಯಂದಿರೇ, ಫೀಸು ಕಟ್ಟೋ ಮೊದಲು ಒಂದೇ ಪ್ರಶ್ನೆ ಕೇಳಿ. ಎಷ್ಟು ಆಡಿಯೋ ಕೊಡ್ತೀರಿ ಅಂತ ಅಲ್ಲ. ನಮ್ಮ ಮಗುವಿಗೆ ಕೇಳಿಸದ ಸಾಲನ್ನ ಯಾರು ಪಕ್ಕದಲ್ಲಿ ಕೂತು ಬಿಡಿಸಿ ಹೇಳ್ತಾರೆ ಅಂತ. ಉತ್ತರ ಬರದಿದ್ರೆ ಮೆಟ್ಟಿಲು ಇಳಿದು ಬನ್ನಿ.

ಇನ್ನು ವೀಸಾಕ್ಕೆ ಅಂತ ಚಿಲಕೂರು ಬಾಲಾಜಿಗೆ ಹನ್ನೊಂದು ಪ್ರದಕ್ಷಿಣೆ ಹಾಕ್ತೀರಲ್ಲ, ಹಾಕಿ, ನಾನು ಬೇಡ ಅನ್ನಲ್ಲ. ಆ ಅರ್ಧ ನಿಮಿಷದ ತುಣುಕಿಗೂ ಹನ್ನೊಂದು ಸುತ್ತು ಹಾಕಿ ಅಂತ ಮಾತ್ರ ಕೇಳ್ಕೊಳ್ತೀನಿ.